ಮನೆಯೊಡತಿಯ ಎಡಗಡೆಯ ಕುರ್ಚಿ

ಗುನ್ವೋರ್ ಅಮ್ಮನ ಅರವತ್ತನೇ ಹುಟ್ಟುಹಬ್ಬದ ಊಟಕ್ಕೆ ನನ್ನನ್ನು ಅವರ ಎಡಗಡೆಯ ಕುರ್ಚಿಯಲ್ಲಿ ಕೂರಿಸುತ್ತಾರಂತೆ ಎಂಬ ಸುದ್ದಿಯನ್ನು ಎಬ್ಬೆ ನಮ್ಮ ಲಾಂಡ್ರಿಯ ಹಿಂಬಾಗಿಲಿಗೆ ಬಂದು ಹೇಳಿದ. ಸಾವಿನ ಸುದ್ದಿ ತಂದವನ ಹಾಗೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಗುನ್ವೋರ್ ಅಮ್ಮ ಅವನ ತಾಯಿ. ನಮ್ಮಿಬ್ಬರಿಗೆ ಆ ವಸಂತದಲ್ಲಷ್ಟೇ ನಿಶ್ಚಿತಾರ್ಥವಾಗಿತ್ತು. ಅವರ ಮನೆಯ ದೊಡ್ಡ ಊಟಕ್ಕೆ ನಾನು ಹೋಗುತ್ತಿರುವುದು ಅದೇ ಮೊದಲು.

ಎಡಗಡೆಯ ಕುರ್ಚಿ ಎಂದರೆ ಏನೆಂದು ನಮ್ಮ ಊರು ವೆಸ್ಟರ್ವೀಕ್‌ನಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅಲ್ಲಿ ಕೂತ ಅತಿಥಿ ಊಟದ ಕೊನೆಗೆ ಎದ್ದು ನಿಂತು, ಎಲ್ಲರ ಪರವಾಗಿ ಮನೆಯೊಡತಿಗೆ ಧನ್ಯವಾದ ಹೇಳಬೇಕು. ಆ ಮಾತು ಆಗುವವರೆಗೆ ಯಾರೂ ಮೇಜು ಬಿಟ್ಟು ಏಳುವಂತಿಲ್ಲ, ಕಾಫಿಯೂ ಬರುವುದಿಲ್ಲ. ಆ ಮನೆಯಲ್ಲಿ ಇಷ್ಟು ವರ್ಷ ಅಲ್ಲಿ ಕೂರುತ್ತಿದ್ದವರು ಔಷಧಿ ಅಂಗಡಿಯ ಆಲ್ಗೊಟ್. ಅವರು ಚಳಿಗಾಲದಲ್ಲಿ ತೀರಿಕೊಂಡರು. ಉಳಿದವರೆಲ್ಲ ಮನೆಯವರೇ, ನೆಂಟರೇ. ನಿಜವಾದ ಅತಿಥಿ ಎಂದರೆ ನಾನೊಬ್ಬಳು.

"ಅಮ್ಮಂಗೆ ಹೇಳಿ ಮೇಜಿನ ಮೇಲಿನ ಹೆಸರಿನ ಚೀಟಿ ಬದಲಾಯಿಸ್ತೀನಿ," ಎಂದ ಎಬ್ಬೆ. "ಅವಳು ಒಪ್ಪದೆ ಇದ್ರೆ ನಿನ್ನ ಬದಲು ನಾನೇ ಎದ್ದು ಎರಡು ಮಾತು ಹೇಳಿಬಿಡ್ತೀನಿ. ನೀನು ಸುಮ್ನೆ ನಗ್ತಾ ಕೂತಿರು, ಸಾಕು."

ಎಬ್ಬೆ ಒಳ್ಳೆಯವನು. ಅದೇ ತೊಂದರೆ. ನಾನು ಬಾಯಿ ತೆರೆಯುವ ಮೊದಲೇ ಅವನು ನನ್ನ ಮಾತನ್ನು ಎತ್ತಿಕೊಳ್ಳುತ್ತಾನೆ, ಭಾರದ ಚೀಲ ಎತ್ತಿಕೊಂಡ ಹಾಗೆ. ಬ್ಯಾಂಕಿನಲ್ಲಿ ಅವನೇ ಮಾತಾಡುತ್ತಾನೆ, ದಾರಿಯಲ್ಲಿ ಯಾರಾದರೂ ನನ್ನ ಆರೋಗ್ಯ ಕೇಳಿದರೆ ಅವನೇ ಉತ್ತರ ಕೊಡುತ್ತಾನೆ. ಬೇಕರಿಯಲ್ಲಿ "ಹಿಲ್ಲೆವಿಗೆ ಏಲಕ್ಕಿ ಬನ್ನು" ಎನ್ನುತ್ತಾನೆ. ಪರಿಚಯವಾದಾಗಿನಿಂದ ನಾನು ಏಲಕ್ಕಿ ಬನ್ನು ತಿನ್ನುತ್ತಾ ಬಂದಿದ್ದೇನೆ. ನನಗೆ ಇಷ್ಟವಾದದ್ದು ಬಾದಾಮಿಯದು.

ತಪ್ಪು ಅವನದು ಎನ್ನಲಾರೆ. ಶಾಲೆಯಲ್ಲಿ ಎದ್ದು ನಿಂತು ಓದು ಎಂದರೆ ನಾನು ಪುಸ್ತಕದ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದೆ. ಏಳನೇ ತರಗತಿಗೆ ಶಾಲೆ ಬಿಟ್ಟು ಲಾಂಡ್ರಿಗೆ ಸೇರಿದೆ. ಇಲ್ಲಿ ಯಂತ್ರಗಳ ಸದ್ದಿನಲ್ಲಿ ಯಾರೂ ಯಾರನ್ನೂ ಮಾತಾಡು ಎನ್ನುವುದಿಲ್ಲ. ಆದರೆ ಮದುವೆ ಎಂದರೆ ಲಾಂಡ್ರಿ ಅಲ್ಲ. ಅವತ್ತು ಆ ಮೇಜಿನ ಮುಂದೆ ಅವನು ನನ್ನ ಬದಲು ಎದ್ದು ನಿಂತರೆ, ಮುಂದೆ ಜೀವಮಾನವೆಲ್ಲ ಅವನೇ ನಿಲ್ಲುತ್ತಾನೆ ಎಂದು ನನಗೆ ಸ್ಪಷ್ಟವಾಗಿತ್ತು.

"ಬೇಡ," ಎಂದೆ.

"ಏನು ಬೇಡ? ಚೀಟಿ ಬದಲಾಯಿಸೋದಾ, ನಾನು ಮಾತಾಡೋದಾ?"

"ಎರಡೂ."

ಅವನು ಟೋಪಿ ಹಾಕಿಕೊಂಡು ಹೋದ. ನಂಬಿದ ಹಾಗೆ ಕಾಣಲಿಲ್ಲ.

ನನ್ನ ಜೊತೆ ಕೆಲಸ ಮಾಡುವ ದಾಗ್ನಿ ನನಗಿಂತ ತುಂಬಾ ದೊಡ್ಡವಳು, ಬಾಯಿ ಜೋರು, ಮನಸ್ಸು ಮೆತ್ತಗೆ. ವಿಷಯ ಹೇಳಿದಾಗ ಅವಳು ಮೊದಲು ನಕ್ಕಳು, ಆಮೇಲೆ ಬೆಡ್‌ಶೀಟಿನ ಎರಡು ತುದಿಗಳನ್ನು ನನ್ನ ಕೈಗೆ ಕೊಟ್ಟಳು. ದೊಡ್ಡ ಶೀಟುಗಳನ್ನು ನಾವು ಇಬ್ಬಿಬ್ಬರಾಗಿ ಮಡಿಸುವುದು. ದೂರ ನಿಂತು ಎಳೆದು, ಮಡಿಸಿ, ಹತ್ತಿರ ಬಂದು ತುದಿಗೆ ತುದಿ ಸೇರಿಸಬೇಕು. ಪ್ರತಿ ಸಲ ಹತ್ತಿರ ಬಂದಾಗಲೂ ಅವಳ ಕಣ್ಣು ನೋಡಿ ಒಂದು ವಾಕ್ಯ ಹೇಳಬೇಕು ಎಂದು ದಾಗ್ನಿ ಕಟ್ಟಪ್ಪಣೆ ಮಾಡಿದಳು.

"ನನ್ನ ಮೂಗು ನೋಡ್ಬೇಡ ಕಣೆ. ಅದು ಚೆಂದ ಇಲ್ಲ ಅಂತ ನಂಗೂ ಗೊತ್ತು. ಕಣ್ಣು ನೋಡು."

ಮಾತನ್ನು ನಾವಿಬ್ಬರೂ ಸೇರಿ ಕಟ್ಟಿದೆವು. ಗುನ್ವೋರ್ ಅಮ್ಮ ಪ್ರತಿ ಹುಟ್ಟುಹಬ್ಬಕ್ಕೂ ದೊಡ್ಡ ಪೈಕ್ ಮೀನು ಬೇಯಿಸಿ, ಮೂಗಿಗೆ ಹತ್ತುವ ಖಾರದ ಬೇರನ್ನು ತುರಿದು ಬೆಣ್ಣೆಯ ಜೊತೆ ಕೊಡುತ್ತಾರೆ ಎಂದು ಎಬ್ಬೆ ಹೇಳಿದ್ದ. ಹಾಗಾಗಿ ನಮ್ಮ ಮಾತಿನ ತುಂಬಾ ಮೀನೇ ಇತ್ತು. ಸಮುದ್ರದಿಂದ ತಟ್ಟೆಯವರೆಗೆ ಅದು ಬಂದ ದಾರಿ, ಮುಳ್ಳು ಬಿಡಿಸಿದ ಕೈಗಳ ತಾಳ್ಮೆ, ಕಣ್ಣಲ್ಲಿ ನೀರು ತರಿಸಿದ್ದು ಖಾರವೋ ಪ್ರೀತಿಯೋ ಎಂಬ ಕೊನೆಯ ವಾಕ್ಯ. ಆ ಕೊನೆಯದು ದಾಗ್ನಿಯದು, ಅವಳಿಗೆ ಅದರ ಮೇಲೆ ಬಹಳ ಹೆಮ್ಮೆ. ಎಷ್ಟು ಶೀಟು ಮಡಿಸಿದೆವೋ ಲೆಕ್ಕವಿಲ್ಲ. ಕೊನೆಗೆ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುವಷ್ಟು ಬಾಯಿಗೆ ಬಂತು.

ಆ ದಿನ ಬಿಸಿಲಿತ್ತು. ಉದ್ದನೆಯ ಮೇಜಿಗೆ ಬಿಳಿ ಬಟ್ಟೆ ಹಾಸಿ ತೋಟದ ನೇರಳೆ ಬಣ್ಣದ ಹೂವುಗಳನ್ನು ಇಟ್ಟಿದ್ದರು. ಬಟ್ಟೆಯ ಇಸ್ತ್ರಿ ನೋಡಿದೆ, ಚೆನ್ನಾಗಿತ್ತು. ಗುನ್ವೋರ್ ಅಮ್ಮ ಎತ್ತರದ ಹೆಂಗಸು, ಮಾತು ಕಡಿಮೆ. ನನ್ನ ಕೈ ಕುಲುಕಿ, "ನಿನ್ನ ಜಾಗ ಗೊತ್ತಲ್ಲ?" ಎಂದಷ್ಟೇ ಕೇಳಿದರು. ಗೊತ್ತು ಎಂದು ತಲೆಯಾಡಿಸಿದೆ. ನಿಶ್ಚಿತಾರ್ಥವಾದವರನ್ನು ಅಕ್ಕಪಕ್ಕ ಕೂರಿಸುವುದು ವಾಡಿಕೆಯಾದ್ದರಿಂದ ನನ್ನ ಇನ್ನೊಂದು ಪಕ್ಕಕ್ಕೆ ಎಬ್ಬೆ ಕೂತ. ಎದುರಿಗೆ ಅವನ ದೊಡ್ಡಪ್ಪನ ಮಗ ಸಿಕ್ಸ್ಟನ್, ಸ್ವಂತ ದೋಣಿ ಇಟ್ಟುಕೊಂಡು ಮೀನು ಹಿಡಿಯುವವನು.

"ಏನಮ್ಮಾ, ಭಾಷಣ ರೆಡಿನಾ?" ಎಂದ ಸಿಕ್ಸ್ಟನ್. "ಆಲ್ಗೊಟ್ ಶುರು ಮಾಡಿದ್ರೆ ಕಾಫಿ ಆರಿ, ಮತ್ತೆ ಬಿಸಿ ಮಾಡಿ, ಮತ್ತೆ ಆರೋದು. ನಿನ್ನ ಹತ್ರ ಆ ಭಯ ಇಲ್ಲ ಬಿಡು."

ಮೇಜಿನ ಆ ಕಡೆ ಒಂದಿಬ್ಬರು ನಕ್ಕರು. ಎಬ್ಬೆ ನನ್ನ ಪರವಾಗಿ ಏನೋ ಉತ್ತರ ಕೊಟ್ಟ. ನಾನು ಫೋರ್ಕಿನ ಹಲ್ಲುಗಳನ್ನು ನೋಡುತ್ತಿದ್ದೆ.

ಗುನ್ವೋರ್ ಅಮ್ಮ ಲೋಟ ಎತ್ತಿ, ಕುಡಿಯುವ ಮೊದಲು ಎಲ್ಲರಿಗೂ ಶುಭ ಕೋರುವ 'ಸ್ಕೋಲ್' ಎಂದರು. ಆಗ ಪ್ರತಿಯೊಬ್ಬರ ಕಣ್ಣನ್ನೂ ನೋಡಬೇಕು, ಗುಟುಕು ಕುಡಿದ ಮೇಲೆ ಮತ್ತೊಮ್ಮೆ ನೋಡಿ ಲೋಟ ಇಳಿಸಬೇಕು. ಶೀಟಿನ ತುದಿ ಹಿಡಿದಿದ್ದೇನೆ ಎಂದುಕೊಂಡು ಕಣ್ಣೆತ್ತಿದೆ. ಸಿಕ್ಸ್ಟನ್‌ನ ಕಣ್ಣನ್ನೂ ನೋಡಿದೆ. ಅವನೇ ಮೊದಲು ಕಣ್ಣು ತಪ್ಪಿಸಿದ.

ಯಾಕೆಂದು ಮುಂದಿನ ಕ್ಷಣವೇ ತಿಳಿಯಿತು. ಅಡುಗೆಮನೆಯಿಂದ ಬಂದ ತಟ್ಟೆಯಲ್ಲಿದ್ದದ್ದು ಮೀನಲ್ಲ. ಹುರಿದ ಕುರಿಮರಿಯ ತೊಡೆ.

"ಈ ಸಲ ನಂಗೇ ಕುರಿ ತಿನ್ನೋ ಆಸೆ ಆಯ್ತು," ಎಂದರು ಗುನ್ವೋರ್ ಅಮ್ಮ, ಯಾರೂ ಕೇಳದಿದ್ದರೂ. ಎಬ್ಬೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ಸಿಕ್ಸ್ಟನ್ ಮೀನು ತರುತ್ತೇನೆ ಎಂದು ಮಾತು ಕೊಟ್ಟಿದ್ದನಂತೆ, ವಾರವಿಡೀ ಬಲೆ ಬೀಸಿದರೂ ಒಂದೂ ಬೀಳಲಿಲ್ಲವಂತೆ. ಆ ಮೀನು ಸಮುದ್ರದಲ್ಲೇ ಉಳಿಯಿತು. ಅದರ ಜೊತೆ ನನ್ನ ಪೂರ್ತಿ ಭಾಷಣವೂ.

ಸಬ್ಬಸಿಗೆ ಸೊಪ್ಪಿನ ಜೊತೆ ಬೇಯಿಸಿದ ಆಲೂಗಡ್ಡೆ, ಸೌತೆಕಾಯಿ, ಸಾರು ಎಲ್ಲ ಕೈಯಿಂದ ಕೈಗೆ ದಾಟಿದವು. ಮೀನು ಎಂದಿದ್ದ ಕಡೆಯೆಲ್ಲ ಕುರಿ ಎಂದು ಹಾಕಿ ನೋಡಿದೆ. ಸಮುದ್ರದಿಂದ ಬಂದ ಕುರಿ. ಮುಳ್ಳು ಬಿಡಿಸಿದ ಕುರಿ. ಆಗುವುದಿಲ್ಲ. ಹೊಸದಾಗಿ ಏನಾದರೂ ಹೊಳೆಯಲಿ ಎಂದು ಪ್ರಯತ್ನಪಟ್ಟಷ್ಟೂ ತಲೆ ಖಾಲಿಯಾಯಿತು. ಆಗ ನಾನು ಯಾವಾಗಲೂ ಮಾಡುವುದನ್ನೇ ಮಾಡಿದೆ. ಸುಮ್ಮನೆ ನೋಡುತ್ತಾ ಕೂತೆ.

ಗುನ್ವೋರ್ ಅಮ್ಮನ ತಟ್ಟೆ ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ಅವರು ಬೇಗ ತಿಂದರು. ಆಮೇಲೆ ಆಲೂಗಡ್ಡೆಯ ಒಂದೇ ಒಂದು ತುಂಡು ಉಳಿಯಿತು. ಅದನ್ನು ಎರಡು ಮಾಡಿದರು. ಒಂದನ್ನು ತಿಂದರು, ಉಳಿದದ್ದನ್ನು ಮತ್ತೆ ಎರಡು ಮಾಡಿದರು. ಸಾರಿನಲ್ಲಿ ಅದ್ದಿದರು, ತಟ್ಟೆಯ ಈ ಅಂಚಿನಿಂದ ಆ ಅಂಚಿಗೆ ದೂಡಿದರು, ಮತ್ತೆ ಕತ್ತರಿಸಿದರು. ಕೊನೆಗೆ ಅದು ಕಡಲೆಕಾಳಿನಷ್ಟಾಗಿತ್ತು. ಮೊದಲು ನನಗೆ ಅನಿಸಿದ್ದು, ಅಡುಗೆ ಅವರಿಗೇ ಹಿಡಿಸಲಿಲ್ಲ ಎಂದು. ಆಮೇಲೆ ಅವರ ಕಣ್ಣು ಎಲ್ಲಿಗೆ ಹೋಗುತ್ತಿದೆ ಎಂದು ನೋಡಿದೆ.

ಮೇಜಿನ ಆ ತುದಿಯಲ್ಲಿ ಲೋವೀಸ ಅಜ್ಜಿ ಕೂತಿದ್ದರು. ಗುನ್ವೋರ್ ಅಮ್ಮನ ಅತ್ತೆ, ಹಲ್ಲು ಹೆಚ್ಚು ಉಳಿದಿಲ್ಲ. ಉಳಿದವರೆಲ್ಲ ಚಾಕು ಫೋರ್ಕು ಜೋಡಿಸಿಟ್ಟು ಮಾತಿಗಿಳಿದಿದ್ದರು. ಅಜ್ಜಿ ಮಾತ್ರ ಮಾಂಸವನ್ನು ಇಷ್ಟಿಷ್ಟೇ ಬಿಡಿಸಿಕೊಂಡು ಅಗಿಯುತ್ತಿದ್ದರು. ಒಮ್ಮೆ ಗಾಬರಿಯಿಂದ ತಲೆಯೆತ್ತಿ ಸುತ್ತ ನೋಡಿದರು. ಗುನ್ವೋರ್ ಅಮ್ಮ ಇನ್ನೂ ತಿನ್ನುತ್ತಿರುವುದು ಕಂಡಿತು. ಮತ್ತೆ ನೆಮ್ಮದಿಯಾಗಿ ತಮ್ಮ ತಟ್ಟೆಗೆ ಬಾಗಿದರು. ಅಜ್ಜಿ ಕೊನೆಗೆ ಫೋರ್ಕು ಕೆಳಗಿಟ್ಟಾಗಲೇ ಗುನ್ವೋರ್ ಅಮ್ಮ ಆ ಕಾಳನ್ನು ಬಾಯಿಗೆ ಹಾಕಿಕೊಂಡು ತಮ್ಮದನ್ನೂ ಇಟ್ಟರು. ಒಬ್ಬರೂ ಗಮನಿಸಿರಲಿಲ್ಲ.

ಕೆನೆ ಹಾಕಿದ ಹಣ್ಣಿನ ಬಟ್ಟಲುಗಳೂ ಖಾಲಿಯಾದವು. ಮಾತು ತಾನಾಗಿಯೇ ಕಡಿಮೆಯಾಗಿ ನಿಂತಿತು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಮಡಿಲಲ್ಲಿದ್ದ ಕರವಸ್ತ್ರವನ್ನು ತುದಿಗೆ ತುದಿ ಸೇರಿಸಿ ಮಡಿಸಿದೆ. ಮಕ್ಕಳು ಕುರ್ಚಿಯಲ್ಲಿ ಹೊರಳಾಡತೊಡಗಿದರು. ಸಿಕ್ಸ್ಟನ್ ಅಡುಗೆಮನೆಯ ಕಡೆ ಮೂಗು ತಿರುಗಿಸಿ ಕಾಫಿಯ ವಾಸನೆ ಎಳೆದುಕೊಂಡ. ಯಾರೂ ಏಳುವಂತಿಲ್ಲ. ನಾನು ಏಳದೆ ಈ ಮನೆಯಲ್ಲಿ ಏನೂ ಮುಂದೆ ಹೋಗುವಂತಿಲ್ಲ.

ಪಕ್ಕದಲ್ಲಿ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಎಬ್ಬೆ ಅರ್ಧ ಎದ್ದು ನಿಂತಿದ್ದ.

"ಹಿಲ್ಲೆವಿ ಏನು ಹೇಳ್ಬೇಕು ಅಂತಿದ್ದಾಳೆ ಅಂದ್ರೆ…"

"ಎಬ್ಬೆ, ಕೂತ್ಕೊ."

ನನ್ನ ಧ್ವನಿ ನನಗೇ ಗಟ್ಟಿಯಾಗಿ ಕೇಳಿಸಿತು. ಆ ಮಧ್ಯಾಹ್ನ ನಾನು ಎಲ್ಲರೆದುರು ಆಡಿದ ಮೊದಲ ಮಾತು ಅದು. ಎಬ್ಬೆ ಕೂತ. ಅಷ್ಟರಲ್ಲಿ ನಾನು ಎದ್ದಾಗಿತ್ತು. ಒಮ್ಮೆ ಎದ್ದ ಮೇಲೆ ಮತ್ತೆ ಕೂರುವುದು ಇನ್ನೂ ಕಷ್ಟ, ಆದ್ದರಿಂದ ಗುನ್ವೋರ್ ಅಮ್ಮನ ಕಣ್ಣು ನೋಡಿದೆ.

"ಅಮ್ಮಾವ್ರೆ, ನಾನು ಪೈಕ್ ಮೀನಿನ ಮೇಲೆ ಒಳ್ಳೆ ಮಾತು ಕಲ್ತು ಬಂದಿದ್ದೆ. ಅದು ಇವತ್ತು ಉಪಯೋಗಕ್ಕೆ ಬರಲ್ಲ."

"ತಪ್ಪು ನಂದು," ಎಂದ ಸಿಕ್ಸ್ಟನ್. "ಮೀನಿನದ್ದಲ್ಲ."

ಎಲ್ಲರೂ ನಕ್ಕರು, ಅವನೂ ನಕ್ಕ. ಆ ನಗುವಿನ ನಡುವೆ ನನಗೆ ಉಸಿರಾಡಲು ಜಾಗ ಸಿಕ್ಕಿತು. ಲೋವೀಸ ಅಜ್ಜಿಯ ಹೆಸರು ನಾಲಿಗೆಯವರೆಗೆ ಬಂತು. ನುಂಗಿಕೊಂಡೆ. ಹೆಸರು ಹೇಳಿದ್ದರೆ ಆ ಆಲೂಗಡ್ಡೆಯ ತುಂಡು ಅಷ್ಟು ಹೊತ್ತು ಮಾಡಿದ ಕೆಲಸವೆಲ್ಲ ಕೆಡುತ್ತಿತ್ತು.

"ನಾನು ಮಾತಾಡೋದು ಕಡಿಮೆ, ನೋಡೋದು ಜಾಸ್ತಿ," ಎಂದೆ. "ಇವತ್ತು ಇಲ್ಲಿ ಕೂತು ನೋಡ್ದೆ. ಈ ಮೇಜಲ್ಲಿ ಯಾರನ್ನೂ ಒಬ್ಬರೇ ಊಟ ಮುಗಿಸೋಕೆ ನೀವು ಬಿಡಲ್ಲ. ನಾಳೆ ನಮ್ಮನೇಲೂ ಹಾಗೇ ಇರ್ಬೇಕು ಅಂತ ನಂಗಾಸೆ. ಎಲ್ಲರ ಪರವಾಗಿ, ಊಟಕ್ಕೆ ಧನ್ಯವಾದ."

ಲೋಟ ಎತ್ತಿದೆ. ಗುನ್ವೋರ್ ಅಮ್ಮ ನನ್ನನ್ನು ನೋಡಿದರು, ಮೇಜಿನ ಆ ತುದಿಯಲ್ಲಿದ್ದ ಅಜ್ಜಿಯನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಅವರ ಕಿವಿಯ ತುದಿ ಕೆಂಪಾಗಿತ್ತು. ಇಬ್ಬರೂ ಗುಟುಕು ಕುಡಿದು, ಕಣ್ಣು ಕೂಡಿಸಿ, ಲೋಟ ಇಳಿಸಿದೆವು. ಅವರು ಎದ್ದರು, ಅವರ ಹಿಂದೆ ಇಡೀ ಮೇಜು ಎದ್ದಿತು.

ಒಬ್ಬೊಬ್ಬರಾಗಿ ಅವರ ಕೈ ಹಿಡಿದು ಊಟಕ್ಕೆ ಧನ್ಯವಾದ ಹೇಳುವಾಗ ನನ್ನ ಸರದಿ ಬಂತು. ಅವರು ಕೈ ಬಿಡಲಿಲ್ಲ.

"ಮಾಂಸ ಒಣಗಿತ್ತು," ಎಂದರು ಮೆಲ್ಲಗೆ. "ಅದನ್ನ ಹೊಗಳಿಬಿಡ್ತೀಯೇನೋ ಅಂತ ಭಯ ಇತ್ತು ನಂಗೆ."

ಲೋವೀಸ ಅಜ್ಜಿ ಕೋಲೂರಿಕೊಂಡು ಹಿಂದೆಯೇ ಬಂದರು. ಹುಡುಗಿ ಏನು ಹೇಳಿದಳೆಂದು ಸರಿಯಾಗಿ ಕೇಳಿಸಲಿಲ್ಲವಂತೆ, ಆದರೆ ಆಲ್ಗೊಟ್‌ಗಿಂತ ಬೇಗ ಮುಗಿಸಿದ್ದು ಬಹಳ ಒಳ್ಳೆಯದಾಯಿತಂತೆ.

ಕಾಫಿಯನ್ನು ತೋಟದಲ್ಲಿ ಇಟ್ಟಿದ್ದರು. ಎಬ್ಬೆ ತಟ್ಟೆ ಹಿಡಿದು ನನ್ನ ಪಕ್ಕ ನಿಂತ. ಅವನ ಮುಖ ಸಪ್ಪಗಿತ್ತು. ಬೇಸರವಾಯಿತೇ ಎಂದು ಕೇಳಿದೆ. ಸ್ವಲ್ಪ ಆಯಿತು ಎಂದ, ಸುಳ್ಳು ಹೇಳಲಿಲ್ಲ. ಅಷ್ಟರಲ್ಲಿ ಗುನ್ವೋರ್ ಅಮ್ಮ ಕೇಕಿನ ಚಾಕು ಹಿಡಿದು ನಮ್ಮ ಕಡೆ ತಿರುಗಿದರು. ಏಲಕ್ಕಿಯದೋ ಬಾದಾಮಿಯದೋ, ಯಾವುದು ಕೊಡಲಿ ಎಂದು ಕೇಳಿದರು.

"ಹಿಲ್ಲೆವಿಗೆ…" ಎಂದು ಶುರುಮಾಡಿದ ಎಬ್ಬೆ. ಅಲ್ಲೇ ನಿಲ್ಲಿಸಿದ. ಕಿವಿಯವರೆಗೂ ಕೆಂಪಾಗಿ ನನ್ನನ್ನು ನೋಡಿದ, ಕಾದ.

"ಬಾದಾಮಿಯದು," ಎಂದೆ.