ಮೂರು ಜನರ ಬಿಸಿನೀರು

ಲೌರಿ ಅಡುಗೆಮನೆಯ ಸಿಂಕಿಗೆ ತಲೆ ಬಗ್ಗಿಸಿ ನಿಂತಿದ್ದಳು. ನೆರಿಸ್ ಕೆಟಲಿನ ಕುದಿನೀರಿಗೆ ನಲ್ಲಿಯ ತಣ್ಣೀರು ಬೆರೆಸಿ, ಬೆರಳದ್ದಿ ಹದ ನೋಡಿ, ಮಗಳ ಕೂದಲು ತೋಯಿಸಿ ಶಾಂಪೂ ಹಚ್ಚಿದ್ದಳಷ್ಟೇ. ಬಾಗಿಲು ಬಡಿದ ಸದ್ದಾಯಿತು.

"ಕಣ್ಣು ಬಿಡಬೇಡ, ಹಾಗೇ ಇರು."

"ಉರೀತಿದೆ ಅಮ್ಮಾ!"

"ಬಿಡಬೇಡ ಅಂದ್ನಲ್ಲ, ಬಿಟ್ಟಿದ್ದಕ್ಕೇ ಉರಿಯೋದು."

ಬಾಗಿಲಲ್ಲಿ ಬಿಸಿನೀರಿನ ಬಾಯ್ಲರ್ ಕೂರಿಸುವ ಮೆರ್ವಿನ್ ನಿಂತಿದ್ದ. ಹೇಳಿದ್ದಕ್ಕಿಂತ ಬೇಗ ಬಂದಿದ್ದ.

"ಗುಡ್ಡದ ಮೇಲೆ ಕುರಿಗಳು ಇವತ್ತು ಯಾಕೋ ದಾರಿ ಬಿಟ್ಟವು ಕಣಮ್ಮಾ," ಎನ್ನುತ್ತ ಬೂಟು ಒರೆಸಿಕೊಂಡು ಒಳಬಂದವನು ಸಿಂಕಿನತ್ತ ನೋಡಿದ. "ಓಹೋ, ಒಂದು ಇಲ್ಲೇ ಇದೆಯಲ್ಲ. ಉಣ್ಣೆ ತೊಳೀತಿದ್ದೀರಾ?"

"ನಾನು ಕುರಿ ಅಲ್ಲ!" ಎಂದಿತು ನೊರೆಯೊಳಗಿನ ದನಿ.

"ಮಾತೂ ಆಡುತ್ತೆ! ಸಂತೇಲಿ ಒಳ್ಳೇ ಬೆಲೆ ಬರುತ್ತೆ ಬಿಡಿ."

ನೆರಿಸ್ ಮಗಳ ತಲೆಗೆ ಒಂದು ಚೊಂಬು ನೀರು ಸುರಿದು, ಮಿಕ್ಕ ನೊರೆ ಆಮೇಲೆ ತೆಗೆದರಾಯಿತೆಂದು ಟವೆಲ್ ಸುತ್ತಿದಳು. ಕೆಟಲನ್ನು ಮತ್ತೆ ಕುದಿಯಲಿಟ್ಟಳು.

ಮೆರ್ವಿನ್ ಗುಡ್ಡದಾಚೆಯ ಕಣಿವೆಯವನು. ಇದೇ ಸಾಲುಮನೆಗಳ ತುದಿಯಲ್ಲಿದ್ದ ಹ್ಯೂ ಕೂಡ ಇದೇ ಕೆಲಸದವನೇ. ಆದರೆ ನೆರಿಸಳ ಗಂಡ ಗೆರೈಂಟ್ ಈಸ್ಟರ್ ಹೊತ್ತಿಗೆ ಮನೆ ಬಿಟ್ಟು ಹೋಗಿ, ಸ್ವಾನ್ಸಿಯಲ್ಲಿ ಬೇರೊಬ್ಬಳ ಜೊತೆ ಇದ್ದಾನೆಂಬುದು ಹ್ಯೂಗೆ ಗೊತ್ತಿತ್ತು. ಬೀದಿಗೆಲ್ಲ ಗೊತ್ತಿತ್ತು. ಅಂಗಡಿಗೆ ಹೋದರೆ ಮಾತು ತಟ್ಟನೆ ನಿಲ್ಲುತ್ತಿತ್ತು. ಏನೂ ಗೊತ್ತಿಲ್ಲದ ಒಬ್ಬ ಮನುಷ್ಯ ಮನೆಯೊಳಗೆ ಓಡಾಡಲಿ ಎಂದೇ ಅವಳು ಗುಡ್ಡದಾಚೆಗೆ ಫೋನ್ ಮಾಡಿದ್ದು.

ಲೌರಿಗೆ ಮಾತ್ರ ಅಪ್ಪನಿಗೆ ಸ್ವಾನ್ಸಿಯಲ್ಲಿ ಕೆಲಸ ಎಂದು ಹೇಳಿದ್ದಳು. ಹುಡುಗಿ "ಹ್ಞೂಂ" ಅಂದಿದ್ದಳು. ಆಮೇಲೆ ಒಮ್ಮೆಯೂ ಏನೂ ಕೇಳಿರಲಿಲ್ಲ. ಕೇಳದಿರುವುದು ಮೊದಲು ನೆರಿಸ್‌ಗೆ ನೆಮ್ಮದಿ ಕೊಟ್ಟಿತ್ತು. ಈಗ ಅದೇ ಹೆದರಿಕೆಯಾಗಿತ್ತು.

ಮೆರ್ವಿನ್ ಮುಂದಿನ ಕೋಣೆಯಲ್ಲಿ ಮಂಡಿಯೂರಿ, ಕೋಣೆ ಕಾಯಿಸುವ ಗ್ಯಾಸ್ ಒಲೆಯ ಹಿಂದೆ ಗೋಡೆಯೊಳಗೆ ಅಡಗಿದ್ದ ಹಳೆಯ ಬಾಯ್ಲರಿಗೆ ಟಾರ್ಚ್ ಬಿಟ್ಟ.

"ಸತ್ತಿದೆ ಕಣಮ್ಮಾ. ಇದರ ಬಿಡಿಭಾಗ ಮಾಡ್ತಿದ್ದೋರೂ ಹೋಗಿ ಎಷ್ಟೋ ಕಾಲ ಆಯ್ತು."

ಕಿಟಕಿಯ ಕೆಳಗೆ, ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ರೇಡಿಯೇಟರಿನ ನಟ್ಟು ತುಸು ಸಡಿಲಿಸಿ, ಅದರಡಿ ಖಾಲಿ ಐಸ್‌ಕ್ರೀಮ್ ಡಬ್ಬಿ ಹಿಡಿದ. ಮಸಿಯಂಥ ನೀರು ಇಳಿಯಿತು.

"ಇದನ್ನ ನೋಡಿ. ಪೈಪು ಪೆನ್ಸಿಲ್ ಗಾತ್ರದ್ದು, ಅದರೊಳಗೆ ಈ ಕೆಸರು. ಹೊಸ ಬಾಯ್ಲರ್ ತಂದು ಇದಕ್ಕೆ ಸಿಕ್ಕಿಸಿದ್ರೆ ವರ್ಷದೊಳಗೆ ಅದೂ ಕೆಮ್ಮೋಕೆ ಶುರು. ದಪ್ಪ ತಾಮ್ರದ ಪೈಪೇ ಎಳೀಬೇಕು, ನೆಲದ ಹಲಗೆ ಕೀಳಬೇಕಾಗುತ್ತೆ."

"ಕೀಳಿ," ಎಂದಳು ನೆರಿಸ್. ಅದೇನು ಕಷ್ಟದ ತೀರ್ಮಾನವಾಗಿರಲಿಲ್ಲ.

ಕಷ್ಟದ್ದು ಮಹಡಿಯ ಮೇಲಿತ್ತು. ಮೆಟ್ಟಿಲಿನ ತಲೆಯಲ್ಲಿ ಪುಟ್ಟ ಬಾಗಿಲಿನ ಗೂಡು. ಒಳಗೆ ಬಿಸಿನೀರಿನ ತಾಮ್ರದ ಹಂಡೆ, ಅದರ ಮೇಲೆ ಬಟ್ಟೆ ಬೆಚ್ಚಗಾಗಲು ಮರದ ಪಟ್ಟಿಗಳು. ಚಳಿಗಾಲದಲ್ಲಿ ಲೌರಿಯ ಸ್ಕೂಲು ಬಟ್ಟೆ ಅಲ್ಲಿಂದಲೇ ಬಿಸಿಬಿಸಿಯಾಗಿ ಬರುತ್ತಿತ್ತು. ಕೆಳಗಿನ ಪಟ್ಟಿಯ ಮೇಲೆ ಗೆರೈಂಟನ ಪಟ್ಟೆಪಟ್ಟೆ ಸ್ನಾನದ ಗೌನು ಇತ್ತು. ಅವನು ಹೋದ ಮೇಲೂ ನೆರಿಸ್ ಅದನ್ನು ಒಗೆದು, ಒಣಗಿಸಿ, ಅಲ್ಲೇ ಇಡುತ್ತಿದ್ದಳು, ಇವತ್ತೋ ನಾಳೆಯೋ ಸ್ನಾನ ಮುಗಿಸಿ ಯಾರೋ ಕೈಚಾಚಿ ಕೇಳುವಂತೆ.

ಈಗ ಮೆರ್ವಿನ್ ಜೊತೆ ಮೇಲೆ ಬಂದು ಬಾಗಿಲು ತೆರೆದರೆ ಗೌನು ಅವಳು ಮಡಿಸಿದ ಹಾಗಿರಲಿಲ್ಲ. ತೋಳುಗಳನ್ನು ಒಳಗೆ ತುರುಕಿ, ಉಂಡೆ ಮಾಡಿ ಇಟ್ಟಿತ್ತು. ಚಿಕ್ಕ ಕೈಗಳ ಮಡಿಕೆ ಅದು.

ಮೆರ್ವಿನ್ ಹಂಡೆಗೆ ಗೆಣ್ಣಿನಿಂದ ಕುಟ್ಟಿದ. "ಒಳಗಿನ ಕರೆಂಟಿನ ಕಾಯಿಲೂ ಸುಟ್ಟಿದೆಯಾ?"

"ಹ್ಞೂಂ, ಅದೂ ಹೋಗಿದೆ."

"ಸರಿ, ಎರಡು ದಾರಿ ಇದೆ ನೋಡಮ್ಮಾ. ಒಂದು, ಅಡುಗೆಮನೆ ಗೋಡೆಗೆ ಪುಟ್ಟ ಬಾಯ್ಲರ್. ನಲ್ಲಿ ತಿರುಗಿಸಿದಾಗ ನೀರು ಕಾಯಿಸುತ್ತೆ, ಹಂಡೆ ಬೇಕಾಗಲ್ಲ, ಈ ಗೂಡು ಖಾಲಿ. ಇನ್ನೊಂದು, ಹೊಸ ಹಂಡೆ ಇಟ್ಟು ಅದಕ್ಕೆ ತಕ್ಕ ಬಾಯ್ಲರ್. ಒಬ್ಬರಾದ ಮೇಲೊಬ್ಬರು ಸ್ನಾನಕ್ಕೆ ಇಳಿಯೋ ಮನೆಗೆ ಅದು. ಮನೇಲಿ ಎಷ್ಟು ಜನ?"

ದಿನಾ ಎಷ್ಟೋ ಮನೆಗಳಲ್ಲಿ ಕೇಳುವ ಪ್ರಶ್ನೆ. ಉತ್ತರಕ್ಕೆ ಕಾಯುತ್ತ ಅವನು ಗೂಡಿನ ಗೋಡೆಯ ತೇವ ಸವರಿ ನೋಡುತ್ತಿದ್ದ.

ಎರಡು ಎಂದರೆ ಮುಗಿಯಿತು. ನಾಳೆಯೇ ಹಂಡೆ ಕಿತ್ತು ಹೊರಗಿಡುತ್ತಾರೆ. ಗೌನು ತಣ್ಣನೆಯ ಗೋಡೆಗೆ ಒರಗಿ ಮುಗ್ಗಲು ಹಿಡಿಯುತ್ತದೆ. ತನ್ನ ಬಾಯಿಂದ ಆ ಮಾತು ಇನ್ನೂ ಯಾರೆದುರಿಗೂ ಬಂದಿರಲಿಲ್ಲ.

"ಮೂರು," ಎಂದಳು ನೆರಿಸ್.

"ದೊಡ್ಡೋರು ಇಬ್ಬರು, ಕುರಿ ಒಂದು. ಯಜಮಾನ್ರಿಗೆ ತೊಟ್ಟಿ ತುಂಬ ನೀರು ಬೇಕೋ, ಮೈ ಒದ್ದೆ ಆದ್ರೆ ಸಾಕೋ?"

"ಶನಿವಾರ ರಗ್ಬಿ ಆಡ್ತಾರೆ ನಮ್ಮನೆಯವರು. ಕೆಸರು ಮೆತ್ಕೊಂಡು ಬರ್ತಾರೆ. ತೊಟ್ಟಿ ತುಂಬಾನೇ ಬೇಕು." ತನ್ನ ದನಿಯಲ್ಲಿನ ಗೃಹಿಣಿಯ ಗೊಣಗು ಅವಳಿಗೇ ಹಿತವಾಗಿ ಕೇಳಿಸಿತು.

"ಹಾಗಾದ್ರೆ ಹಂಡೆ ಇರಲಿ. ಬೇಡ ಅಂತಿದ್ರೆ ಈಗಲೇ ಹೇಳಿಬಿಡಿ, ಪೈಪಿನ ದಾರೀನೇ ಬೇರೆ ಆಗುತ್ತೆ. ಅಳತೆ ಟೇಪು ವ್ಯಾನಲ್ಲಿದೆ, ತರ್ತೀನಿ."

ಅವನು ತಿರುಗಿದ. ನೆರಿಸ್ ಕೂಡ ತಿರುಗಿದಳು. ಅರ್ಧ ಮೆಟ್ಟಿಲಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು ಲೌರಿ ಕೂತಿದ್ದಳು. ಮೆರ್ವಿನ್ ಪಕ್ಕದಲ್ಲಿ ನುಸುಳುತ್ತ "ಬ್ಯಾ" ಎಂದ. ಅವಳು ನಗಲಿಲ್ಲ.

"ಬಾ, ನೊರೆ ತೆಗೆಯೋಣ. ನೀರು ಕಾದಿದೆ," ಎಂದಳು ನೆರಿಸ್.

ಹುಡುಗಿ ಹಿಂದೆ ಬಂದು ಸಿಂಕಿಗೆ ತಲೆ ಬಗ್ಗಿಸಿದಳು. ನೆರಿಸ್ ಹದ ನೋಡಿ ನೀರು ಸುರಿದಳು. ಕತ್ತಿನ ಹಿಂದಿನ ಎಳೆಗೂದಲು ಬೆರಳಿಗೆ ಜಾರುತ್ತಿತ್ತು. ಹೊರಗೆ ವ್ಯಾನಿನ ಬಾಗಿಲು ತೆರೆದ ಸದ್ದು, ಅವನ ಶಿಳ್ಳೆ.

"ಬಿಸಿ ಜಾಸ್ತಿಯಾಯ್ತಾ ಮರಿ?"

ಲೌರಿ ಇಲ್ಲವೆಂದು ತಲೆಯಾಡಿಸಿದಳು. ನೀರು ಸಿಂಕಿನ ಕಿಂಡಿಯಲ್ಲಿ ಗುಳುಗುಳು ಇಳಿಯಿತು. ವ್ಯಾನಿನ ಬಾಗಿಲು ಮುಚ್ಚಿಕೊಂಡಿತು. ಹೆಜ್ಜೆ ಮನೆಯತ್ತ ಬರತೊಡಗಿತು. ಆಗ, ಮುಖ ಎತ್ತದೆ, ಕಣ್ಣು ಮುಚ್ಚಿಕೊಂಡೇ ಹುಡುಗಿ ಕೇಳಿದಳು:

"ಅಮ್ಮಾ, ಅಪ್ಪ ಬರ್ತಾನಾ, ಇಲ್ಲಾ ನೀನು ಸುಮ್ನೆ ಮೂರು ಅಂದ್ಯಾ?"