ಉಸಿರು ತಿರುಗುವ ತನಕ

ಫಿನಾಯಿಲಿನ ವಾಸನೆ, ಅದೇ ವಾಸನೆ, ಹೋದ ವರ್ಷ ಮುನಿಲಕ್ಷ್ಮಿ ಇದಕ್ಕೇ ಸೀನಿ ಸೀನಿ ನಕ್ಕಿದ್ದಳು, ಏಳು ವರ್ಷದ ಮಗಳು — ಇವತ್ತು ಹೊಸದಾಗಿ ಏಳುತ್ತಿರುವ ರಾಜಾಜಿನಗರದ ಈ ಆಸ್ಪತ್ರೆಯ ಬೆಂಚಿನ ಮೇಲೆ ಚಿಕ್ಕಲಕ್ಷ್ಮಮ್ಮ ಒಬ್ಬಳೇ ಕೂತಿದ್ದಾಳೆ, ಮೂಡಲಪಾಳ್ಯದಿಂದ ನಡೆದ ಕಾಲು ಚುರುಗುಟ್ಟುತ್ತಿದೆ, ನರ್ಸು ಗಿರಿಜಾದೇವಿ ಬರಲಿ, ಕೇಳಿಕೊಂಡು ಹೋಗಬೇಕು, ಹೇಗೆ ಕೇಳುವುದು — ಆವತ್ತು ಡಾಕ್ಟರು ಮೇಲಕ್ಕೆಳೆದಂಥ ಕಣ್ಣು ನೋಡಿ, ಅಂಗೈಯ ಒಂಟಿಗೆರೆ ನೋಡಿ, ಎದೆಗೆ ಕೊಳವೆಯಿಟ್ಟು, ಇದು ಮಂಗೋಲ್ ಮಗು ಕಣಮ್ಮ, ಹುಟ್ಟಿನಿಂದ್ಲೇ ಹೀಗೆ, ಬುದ್ಧಿ ಬೆಳೆಯಲ್ಲ, ಹೃದಯದಲ್ಲೂ ತೂತಿದೆ, ಔಷಧಿ ಇಲ್ಲ, ಯಾವುದಾದ್ರೂ ಆಶ್ರಮಕ್ಕೆ ಬಿಡು, ಅಂದಿದ್ದರು — ಬುದ್ಧಿ ಬೆಳೆಯಲ್ಲವಂತೆ, ಬಾವಿಕಟ್ಟೆಯಲ್ಲಿ ಯಾವ ಬಿಂದಿಗೆ ಯಾರದೆಂದು ಅವಳಿಗಲ್ಲದೆ ಯಾರಿಗೆ ಗೊತ್ತಿತ್ತು, ಒಬ್ಬರ ಮನೆಯಲ್ಲಿ ಮುದ್ದೆ, ಇನ್ನೊಬ್ಬರ ಜಗಲಿಯಲ್ಲಿ ನಿದ್ದೆ, ನೀನು ಹೊಲಕ್ಕೆ ಹೋಗವ್ವ, ನಾನು ನೋಡ್ಕೋತೀನಿ, ಅನ್ನುತ್ತಿದ್ದವಳು ಪಕ್ಕದ ಮನೆಯ ಅಕ್ಕಯ್ಯಮ್ಮ. ಆವತ್ತು ಆಸ್ಪತ್ರೆಯ ಗೇಟಿನ ತನಕ ಹಿಂದೆಯೇ ಓಡಿಬಂದವಳು ಗಿರಿಜಾದೇವಿಯೊಬ್ಬಳೇ, ನೆಲದ ಮೇಲೆ ಕೂತು ತೋರಿಸಿದಳು, ತುಟಿ ನೀಲಿಗಟ್ಟಿದ್ರೆ ಹೆದರಬೇಡಿ, ಮಡಿಲಲ್ಲಿ ಹಾಕ್ಕೊಂಡು ಎರಡೂ ಮೊಣಕಾಲು ಎದೆಗೆ ಒತ್ತಿ ಹಿಡೀರಿ, ಉಸಿರು ತಿರುಗುತ್ತೆ, ಊರಲ್ಲಿ ಎಲ್ಲರಿಗೂ ಕಲಿಸಿ. ಕಲಿಸಿದಳು ಚಿಕ್ಕಲಕ್ಷ್ಮಮ್ಮ, ಬಾವಿಕಟ್ಟೆಯಲ್ಲೇ, ಮುನಿಲಕ್ಷ್ಮಿ ಆಟವೆಂದುಕೊಂಡು ಒಬ್ಬೊಬ್ಬರ ಮಡಿಲಿಗೂ ತಾನೇ ಉರುಳಿ — ಆಮೇಲೆ ಮೂರು ಸಲ ಉಸಿರು ತಿರುಗಿತು, ಡಾಕ್ಟರು ಕೊಡದ ಒಂದು ವರ್ಷವನ್ನು ಆ ಹೆಂಗಸರು ಕೊಟ್ಟರು. ಹೋದ ಸೋಮವಾರ ರಾಗಿ ಕೊಯ್ಯುತ್ತಿದ್ದಾಗ ಬದುವಿನ ಮೇಲಿಂದ ಯಾರೋ ಕೂಗಿದರು, ಕುಡುಗೋಲು ಎಸೆದು ಓಡಿದಳು, ಎಷ್ಟು ದೂರ ಆ ಹೊಲ, ಯಾಕಾದರೂ ಹೋದೆನೋ, ಅಕ್ಕಯ್ಯಮ್ಮನ ಮಡಿಲಲ್ಲಿ ಈ ಸಲ ಉಸಿರು ತಿರುಗಿರಲಿಲ್ಲ — ಮಣ್ಣು ಮಾಡಿ ಬಂದ ಮೇಲೆ ಅಕ್ಕಯ್ಯಮ್ಮ ಅನ್ನ ಮುಟ್ಟಿಲ್ಲ, ನಾನು ಸರಿಯಾಗಿ ಹಿಡೀಲಿಲ್ವೇನೇ ಚಿಕ್ಕಲಕ್ಷ್ಮೀ, ಹಿಡಿಯೋಕೆ ಬರದೆ ಕೊಂದುಬಿಟ್ನೇನೇ, ಆ ನರ್ಸಮ್ಮನ್ನ ಕೇಳ್ಕೊಂಡು ಬಾ — ಮಗಳನ್ನು ಕಳಕೊಂಡವಳು ತಾನು, ಅಳುವುದಕ್ಕೂ ಪುರುಸೊತ್ತಿಲ್ಲದೆ ಇನ್ನೊಬ್ಬಳ ಜೀವ ಉಳಿಸಲು ಬಂದಿದ್ದಾಳೆ. ಗಿರಿಜಾದೇವಿ ಬಂದಳು, ಪಕ್ಕದ ಖಾಲಿ ಜಾಗ ನೋಡಿ ಅಲ್ಲೇ ಕೂತಳು, ಎಲ್ಲ ಕೇಳಿ ಕೈ ಹಿಡಿದುಕೊಂಡಳು, ಸರಿಯಾಗೇ ಹಿಡಿದಿದ್ದಾರೆ, ನಾನಿದ್ದಿದ್ರೂ ಅಷ್ಟೇ ಮಾಡ್ತಿದ್ದೆ, ಹೋಗಿ ಹೇಳಿ, ಊಟ ಮಾಡ್ಸಿ, ಅಂದಳು — ಹೇಳುತ್ತಾಳೆ ಚಿಕ್ಕಲಕ್ಷ್ಮಮ್ಮ, ಹೇಳಲೇಬೇಕು, ಎದ್ದು ನಿಂತಿದ್ದಾಳೆ, ಕಾಲು ಮಾತ್ರ ಹೊಸಿಲು ದಾಟುತ್ತಿಲ್ಲ, ಕಣ್ಣೆದುರು ಸೋಮವಾರದ ಆ ಜಗಲಿ, ತಣ್ಣಗಾದ ಮಗುವನ್ನು ಇನ್ನೂ ಒತ್ತಿ ಹಿಡಿದಿರುವ ಅಕ್ಕಯ್ಯಮ್ಮನ ಕೈ, ಬಿಡವ್ವ ಅಂದರೂ ಬಿಡದ ಕೈ, ಒಂದೊಂದೇ ಬೆರಳು ಬಿಡಿಸುತ್ತಿರುವ ಹೆಂಗಸರು, ಬಿಡಿಸಿದ ಬೆರಳು ಮತ್ತೆ ಮಡಚಿಕೊಳ್ಳುತ್ತದೆ, ಮತ್ತೆ ಬಿಡಿಸುತ್ತಾರೆ, ಮತ್ತೆ ಮಡಚಿಕೊಳ್ಳುತ್ತದೆ, ಆ ಬೆರಳು —