ಹೊಳೆದಂಡೆಯ ಬೀಗರು

ಮಾರ್ಚ್ ತಿಂಗಳ ಬಿಸಿಲಿಗೆ ಕಾಳುಮೆಣಸಿನ ತೆನೆಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಳು ಕೆಂಪಾಗತೊಡಗಿತ್ತು. ಶನಿವಾರಸಂತೆ ಕಡೆಯ ಆ ಊರಿನಲ್ಲಿ ಮರಮರಕ್ಕೂ ಏಣಿ ಒರಗಿದ್ದವು. ಜವರಪ್ಪನ ತೋಟದಲ್ಲಿ ಪಕ್ಕದ ಮನೆಯ ಚನ್ನಬಸಮ್ಮ ಮತ್ತು ಅವಳ ಮಗ ಸಣ್ಣಸ್ವಾಮಿ ಕೊನೆಯ ಬಳ್ಳಿ ಬಿಡಿಸುತ್ತಿದ್ದರು. ಕೂಲಿಗಲ್ಲ, ಮುಯ್ಯಿಗೆ. ಇವತ್ತು ಅವರು ಇವನ ಬಳ್ಳಿಗೆ ಬಂದರೆ ನಾಳೆ ಇವನು ಅವರ ಬಳ್ಳಿಗೆ ಹೋಗಬೇಕು. ನಡುವೆ ಕಾಸಿನ ಮಾತು ಬರಕೂಡದು. ಚನ್ನಬಸಮ್ಮನ ಗಂಡ ಬದುಕಿದ್ದಾಗಿನಿಂದ ಎರಡು ಮನೆಗೂ ಹೀಗೇ ನಡೆದುಬಂದಿತ್ತು.

"ಗುರುವಾರ ನಮ್ದು ಶುರು ಮಾಡನ ಕಣಪ್ಪ," ಸೊಂಟದ ಚೀಲ ಬಿಚ್ಚುತ್ತ ಚನ್ನಬಸಮ್ಮ ಅಂದಳು. "ನಿಮ್ಮದಕ್ಕಿಂತ ಜಾಸ್ತಿ ಹಣ್ಣಾಗ್ಬುಟ್ಟದೆ. ಒಂದು ಮಳೆ ಬಿದ್ರೆ ಎಲ್ಲ ನೆಲಕ್ಕೆ."

"ಬೆಳಕು ಹರಿಯೋದ್ರೊಳಗೆ ಏಣಿ ಹೊತ್ಕಂಡು ನಿಮ್ಮ ಬಾಗ್ಲಲ್ಲಿ ಇರ್ತೀನಿ ಅಕ್ಕ," ಅಂದ ಜವರಪ್ಪ.

ಸೋಮವಾರ ಬೀಗರ ಜೀಪು ಅಂಗಳಕ್ಕೆ ಬಂತು. ಮಾಘದಲ್ಲಿ ಮಗಳು ಅಮೃತಾಳನ್ನು ಕೊಟ್ಟ ಮನೆ ಅದು. ಬೀಗ ಶಿವಶಂಕರಪ್ಪ ಇದ್ದ ಗದ್ದೆಯನ್ನೆಲ್ಲ ಶುಂಠಿಯವರಿಗೆ ಗುತ್ತಿಗೆಗೆ ಕೊಟ್ಟು ಕಾಲು ಚಾಚಿ ಕೂತವನು. ದುಬಾರೆ ಹತ್ತಿರ ಹೊಳೆದಂಡೆಯಲ್ಲಿ ಲಾಡ್ಜು ಗೊತ್ತುಮಾಡಿದ್ದೇನೆ, ಬುಧವಾರ ಸಂಜೆಗೆ ವಾಪಸು, ನೀವು ಬರದಿದ್ದರೆ ನಮಗೆ ಬೇಜಾರು ಅಂದ. ಹೊಸ ಬೀಗತನ, ಇಲ್ಲ ಅನ್ನುವ ಹಾಗಿರಲಿಲ್ಲ. ಕಣದಲ್ಲಿ ಒಣಗುತ್ತಿದ್ದ ಮೆಣಸಿಗೆ ಹೆಂಡತಿಯನ್ನು ಕಾವಲಿಟ್ಟು ಜವರಪ್ಪ ಮಗಳು ಅಳಿಯನೂ ಇದ್ದ ಜೀಪು ಹತ್ತಿದ.

ನಾಲ್ಕು ಕೋಣೆಯ ಲಾಡ್ಜು. ಬೇಸಿಗೆಗೆ ಕಾವೇರಿ ಇಳಿದು ಬಿಟ್ಟುಕೊಟ್ಟ ಮರಳಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ಮಾಲೀಕ ನಾಣಯ್ಯ 'ಬೀಚ್' ಅಂತ ಬೋರ್ಡು ನೆಟ್ಟಿದ್ದ. ಎಮ್ಮೆ ಮೈ ತೊಳೆಯುವ ಜಾಗಕ್ಕೆ ಬೀಚಂತೆ! ಬೋರ್ಡು ನೋಡಿಯೇ ಜವರಪ್ಪನಿಗೆ ಮೈ ಉರಿಯಿತು. ಬೀಗ ಹೊತ್ತೇರಿದ ಮೇಲೆ ಎದ್ದು, ಮುಖ ತೊಳೆಯುವ ಮೊದಲೇ ಕಾಫಿ ಕುಡಿದು, ಚಡ್ಡಿಯಲ್ಲಿ ಬಂದು ಕುರ್ಚಿಗೆ ಬೀಳುವನು. ಗೆದ್ದಲು ಹುಳದಂಥ ಬಿಳಿಚಿದ ಕಾಲು. ಕೆಸರು ಕಂಡು ಯಾವ ಕಾಲವಾಯಿತೋ. ಬೀಗಿತಿ ನೀರಿಗೆ ಹೆಬ್ಬೆರಳು ಅದ್ದಿ ಕಿರುಚಿ, ಮತ್ತೆ ಅದ್ದಿ ಮತ್ತೆ ಕಿರುಚುವಳು. ಅಳಿಯ ಕೀರ್ತಿಕುಮಾರ್ ಅದನ್ನು ಮೊಬೈಲಿನಲ್ಲಿ ಹಿಡಿಯುವನು. ದುಬಾರೆಯ ಸಾಕಾನೆ ಕ್ಯಾಂಪಿನಲ್ಲಿ ಆನೆಗೆ ಸ್ನಾನ ಮಾಡಿಸಿದ್ದು ನೋಡಿ ಬಂದು ಮೂವರದೂ ಮಧ್ಯಾಹ್ನವೆಲ್ಲ ಆನೆಯದೇ ಮಾತು. ಗದ್ದೆಗೆ ನುಗ್ಗುವ ಆನೆಯನ್ನು ಡಬ್ಬ ಬಡಿದು ಓಡಿಸುತ್ತಲೇ ತಲೆ ನೆರೆತಿದ್ದ ಜವರಪ್ಪ ಬಾಯಿಗೆ ಎಲೆಅಡಿಕೆ ತುಂಬಿಕೊಂಡ.

ಬುಧವಾರ ಬೆಳಿಗ್ಗೆ ಅವನು ಚೀಲ ಕಟ್ಟಿಕೊಂಡು ಬಂದು ನಿಂತ. ಬೀಗ ಕುರ್ಚಿಯಿಂದ ಏಳಲಿಲ್ಲ.

"ಯಾಕ್ ಬೀಗ್ರೇ, ಊರೇನು ಓಡಿಹೋಗ್ತದಾ? ಇನ್ನೆರಡು ದಿನ ಇದ್ದು ಹೋಗಾಣ. ಕೋಣೆ ಖಾಲಿನೇ ಅವೆ ಅಂತಾರೆ ನಾಣಯ್ಯನೋರು."

"ನಾಳೆ ಪಕ್ಕದ್ಮನೆ ಚನ್ನಬಸಮ್ಮನ ತೋಟಕ್ಕೆ ಮುಯ್ಯಾಳಿಗೆ ಹೋಗ್ಬೇಕು. ಮಾತು ಕೊಟ್ಟಿದೀನಿ."

"ಮುಯ್ಯಾಳಾ?" ಬೀಗ ಹೆಂಡತಿಯ ಕಡೆ ತಿರುಗಿ ನಕ್ಕ. "ಕೇಳಿದ್ಯೇನೇ, ನಮ್ ಬೀಗ್ರು ಇನ್ನೂ ಎತ್ತಿನ ಗಾಡಿಯಿಂದ ಇಳಿದಿಲ್ಲ! ಒಂದಾಳಿನ ಕೂಲಿ ತಾನೇ? ಆಯಮ್ಮನ ನಂಬರ್ ಕೊಡಿ, ಕೂತ ಜಾಗದಿಂದ್ಲೇ ಹಾಕ್ಬುಡ್ತೀನಿ."

ಜವರಪ್ಪನಿಗೆ ಹೇಸಿಗೆಯಾಯಿತು. ಮುಯ್ಯಿಗೆ ಕಾಸು ಕೊಡುವುದೆಂದರೆ ನೆಂಟರ ಮನೆಯಲ್ಲಿ ಉಂಡೆದ್ದು ಊಟದ ರೇಟು ಕೇಳಿದ ಹಾಗೆ. ಇಂಥವನ ಮನೆಗೆ ಹೆಣ್ಣು ಕೊಟ್ಟೆನಲ್ಲ ಅಂದುಕೊಂಡು ಕೋಣೆಗೆ ತಿರುಗಿದ. ಅಮೃತಾ ಹಿಂದೆಯೇ ಬಂದಳು.

"ಅಪ್ಪಾ, ನೀನು ಹೋಗು. ಕುಶಾಲನಗರದವರೆಗೆ ಆಟೋ ಸಿಗ್ತದೆ, ಅಲ್ಲಿಂದ ಬಸ್ಸು. ಇವರಿಗೆ ನಾನು ಹೇಳ್ಕೊಳ್ತೀನಿ."

"ನಿಂಗೇನಾದ್ರೂ ಅಂದ್ರೆ?"

"ಅಂದ್ರೆ ಅನ್ಲಿ. ಬಜ್ಜಿ ಬಂದ್ರೆ ಮಾವ ಎಲ್ಲ ಮರೀತಾರೆ."

"ಬ್ಯಾಡ ಮಗ. ಬೀಗರು ಏಳೋಕೆ ಮುಂಚೆ ಪಂಕ್ತಿಯಿಂದ ಏಳಬಾರದು."

ಅಮೃತಾ ಅಪ್ಪನ ಮುಖವನ್ನು ಒಂದು ಗಳಿಗೆ ನೋಡಿ, ಕಟ್ಟಿದ್ದ ಚೀಲವನ್ನು ಮಂಚದ ಕೆಳಗೆ ತಳ್ಳಿ ಹೋದಳು.

ಆ ಮಧ್ಯಾಹ್ನ ಜವರಪ್ಪ ಬೀಗನನ್ನು ಮನಸ್ಸಿನಲ್ಲೇ ಬೈಯುತ್ತ ಎರಡನೆಯ ಸಲ ಪಾಯಸ ಹಾಕಿಸಿಕೊಂಡ. ಆಮೇಲೆ ಪಂಚೆ ಎತ್ತಿ ಕಟ್ಟಿ, ಕುರ್ಚಿಯನ್ನು ನೀರಿನೊಳಕ್ಕೇ ಎಳೆದುಕೊಂಡು ಕೂತ. ಏಣಿಯ ಮೆಟ್ಟಿಲಿಗೆ ಜಡ್ಡುಗಟ್ಟಿದ ಅಂಗಾಲನ್ನು ಹೊಳೆ ಮೆಲ್ಲಗೆ ತೊಳೆಯಿತು. ಸೋಮಾರಿ ನನ್ಮಗ, ಅಂದುಕೊಂಡ ಬೀಗನನ್ನು ನೋಡಿ. ಅನ್ನುತ್ತಲೇ ಕಣ್ಣು ಹತ್ತಿತು. ಎಚ್ಚರವಾದಾಗ ನಾಣಯ್ಯ ಪಕ್ಕದಲ್ಲಿಟ್ಟು ಹೋದ ಟೀ ತಣ್ಣಗಾಗಿತ್ತು.

ಗುರುವಾರ ಹೊತ್ತು ಏರಿದ ಮೇಲೆ ಸಣ್ಣಸ್ವಾಮಿ ಫೋನು ಮಾಡಿದ. "ಇವ್ರು ಬಿಡ್ತಿಲ್ಲ ಕಣಪ್ಪ, ನಾನೇನ್ ಮಾಡ್ಲಿ," ಅಂದ ಜವರಪ್ಪ. ಹಿಂದೆ ಬೀಗಿತಿಯ ಕಿರುಚಾಟ, ಎಲ್ಲರ ನಗು. ಸಣ್ಣಸ್ವಾಮಿ ಆಯ್ತು ಬಿಡಿ ಅಂತ ಇಟ್ಟುಬಿಟ್ಟ.

ಸಂಜೆ ಗುಡುಗಿ ದಪ್ಪ ಹನಿಯ ಮಳೆ ಬಂತು. "ಹೂಮಳೆ ಬೀಗ್ರೇ, ನಿಮ್ಮ ಕಾಫಿಗಿಡ ಎಲ್ಲ ಹೂ ಬಿಡ್ತವೆ! ಯೋಗ ನಿಮ್ಮದು!" ಬೀಗ ಜಗಲಿಯಿಂದ ಕೂಗಿದ. ಜವರಪ್ಪ ಮಳೆಗೆ ಬೆನ್ನು ಹಾಕಿ ಕೋಣೆಗೆ ಹೋದ.

ಜೀಪು ಊರು ಮುಟ್ಟಿದ್ದು ಶನಿವಾರ. ಮಾರನೆಯ ಬೆಳಗ್ಗೆ ಅವನು ಏಣಿ ಹೊತ್ತು ಚನ್ನಬಸಮ್ಮನ ತೋಟಕ್ಕೆ ಹೋದ. ಬಳ್ಳಿಬುಡದಲ್ಲೆಲ್ಲ ಉದುರಿದ ಕಾಳು ಮಣ್ಣಿಗೆ ಮೆತ್ತಿಕೊಂಡಿತ್ತು. ಮರಗಳ ಮೇಲೆ ಅಸ್ಸಾಮಿನ ಮೂವರು ಕೂಲಿಯಾಳುಗಳು. ಚನ್ನಬಸಮ್ಮ ಕುಕ್ಕರಗಾಲಲ್ಲಿ ಕೂತು ಕಾಳು ಆಯುತ್ತಿದ್ದಳು.

"ತಪ್ಪಾಯ್ತಕ್ಕ. ಬೀಗರು ಏಳ್ಲೇ ಇಲ್ಲ."

"ನಿನ್ನ ಕಟ್ಟಾಕಿದ್ರಾ?"

"ಜೀಪು ಅವರದ್ದು."

"ಬಸ್ಸು ಯಾರದ್ದು?"

"ನಿಮ್ಮದು ಮುಗಿಯೋವರ್ಗೂ ಒಬ್ನೇ ಮಾಡ್ತೀನಿ," ಅನ್ನುತ್ತ ಜವರಪ್ಪ ಏಣಿಯನ್ನು ಹತ್ತಿರದ ಮರಕ್ಕೆ ಒರಗಿಸಲು ಹೋದ. ಚನ್ನಬಸಮ್ಮ ಎದ್ದು ಬಂದು ಏಣಿಯನ್ನು ಹಿಡಿದಳು.

"ಬ್ಯಾಡ. ಕಾಸು ಕೊಟ್ಟು ಆಳಿಟ್ಟಿದೀನಿ."

"ಹಂಗಂದ್ರೆ ಮುಯ್ಯಿ ನನ್ನ ಮೇಲೇ ಉಳ್ಕಂಡಂಗಾಯ್ತಲ್ಲಕ್ಕ."

"ಉಳ್ಕಳ್ಳಿ. ಮುಂದಿನ ವರ್ಷ ನಿನ್ನ ಮೆಣಸಿಗೂ ಈ ಹುಡುಗರೇ ಬತ್ತಾರೆ. ಬೇಕಾದ್ರೆ ಸಣ್ಣಸ್ವಾಮಿ ಹತ್ರ ನಂಬರ್ ಈಸ್ಕೊ."

ಅವಳು ಮತ್ತೆ ಕೂತು ಮಣ್ಣು ಕೆದಕತೊಡಗಿದಳು. ಕಾಳಿನ ಚೀಲ ಹೊತ್ತು ಕೆಳಗಿಳಿದ ಹುಡುಗನೊಬ್ಬ ತನ್ನ ಭಾಷೆಯಲ್ಲಿ ಏನೋ ಅಂದು, ದಾರಿ ಬಿಡುವಂತೆ ಕೈಸನ್ನೆ ಮಾಡಿದ. ಜವರಪ್ಪ ಏಣಿ ಸಮೇತ ಪಕ್ಕಕ್ಕೆ ಸರಿದು ನಿಂತ.